ಅಂಗಳದಲ್ಲಿ ಮರದ ಜಾರುಬಂಡೆ ಮಾಡಿಸ್ಬೇಕು, ಯಾವ ಮರ ಆಗುತ್ತೆ?

ತೀರ್ಥಳ್ಳಿಅಮ್ಮ:
ಎಲ್ರಿಗೂ ನಮಸ್ಕಾರ. ಮಗಳಿಗೆ ಮೂರು ವರ್ಷ, ಕೈಗೆ ಸಿಕ್ಕಿದ್ದನ್ನೆಲ್ಲಾ ಹತ್ತೋ ವಯಸ್ಸು, ಕಿಟಕಿ ಸರಳು ಹಿಡ್ಕೊಂಡು ಮೇಲೆ ಹೋಗಿ ನಿಂತಿರ್ತಾಳೆ. ಅದಕ್ಕೆ ಅಂಗಳದಲ್ಲೇ ಸಣ್ಣದೊಂದು ಅಟ್ಟ, ಹತ್ತೋಕೆ ಏಣಿ, ಇಳಿಯೋಕೆ ಜಾರುಬಂಡೆ ಮಾಡಿಸೋಣ ಅಂತ. ಆಚಾರ್ರು ತೋಟದ ಸಿಲ್ವರ್ ಓಕ್ ಸಾಕು, ಎತ್ತರ 5 ಅಡಿ ಇರ್ಲಿ ಅಂತಾರೆ. ನಮ್ಮ ಮಳೆಗೆ ತಡೆಯುತ್ತಾ?

ಕೊಪ್ಪದವ:
ಸಿಲ್ವರ್ ಓಕ್ ಹೊರಗೆ ಬೇಡ ಅಕ್ಕ. ನಾವು ಅದ್ರಲ್ಲೇ ಮಾಡ್ಸಿ ಕಂಬಾನ ಸೀದಾ ಮಣ್ಣಲ್ಲಿ ಹೂತಿದ್ವಿ, ಎರಡನೇ ಮಳೆಗಾಲಕ್ಕೆ ಬುಡ ಕೈಲಿ ಕಿತ್ರೆ ಪುಡಿ ಬರ್ತಿತ್ತು, ಅರ್ಧ ಗೆದ್ಲು ಅರ್ಧ ಕೊಳೆತ. ತೇಗ ಇಲ್ಲಾ ಹೊನ್ನೆ ತಗೊಳ್ಳಿ, ಕೆಚ್ಚು ಮಾತ್ರ, ಹೊರಗಿನ ಬಿಳಿ ಭಾಗ ಯಾವ ಮರದ್ದಾದ್ರೂ ಬೇಗ ಹೋಗುತ್ತೆ. ಕಾಂಕ್ರೀಟ್ ಮೇಲೆ ಕಬ್ಬಿಣದ ಪ್ಲೇಟ್ ಕೂರಿಸಿ ಕಂಬ ನೆಲಕ್ಕೆ ತಾಗದ ಹಾಗೆ ನಿಲ್ಸಿ. ಜಾರೋ ಹಲಗೆ ಮರದ್ದು ಬೇಡ, ಸಿಬ್ರು ಏಳುತ್ತೆ. ಸ್ಟೀಲ್ ಆದ್ರೆ ಮರದ ನೆರಳಲ್ಲಿ ಇಡಿ, ಮಧ್ಯಾಹ್ನ ತೊಡೆ ಸುಡುತ್ತೆ.

ಸೈಟ್‌ಇಂಜಿನಿಯರ್:
ಮರಕ್ಕಿಂತ ನಂಗೆ ಆ 5 ಅಡಿ ಭಯ. ಅಮೆರಿಕದವ್ರ ಪ್ಲೇಗ್ರೌಂಡ್ ಸೇಫ್ಟಿ ಕೈಪಿಡಿ ಪ್ರಕಾರ 9 ಇಂಚು ಮರಳು ಹಾಕಿದ್ರೂ ಅದು 4 ಅಡಿಯಿಂದ ಬಿದ್ರೆ ಅಷ್ಟಕ್ಕೇ, ಅದೂ ಮಳೇಲಿ ಮರಳು ಗಟ್ಟಿ ಆಗ್ಬಿಡುತ್ತೆ ಆಗಾಗ ಕೆದರ್ತಾ ಇರ್ಬೇಕು. 3 ಅಡಿ ಮಾಡ್ಸಿ. ಜಾರೋದು 30 ಡಿಗ್ರಿ ಮೀರದ ಹಾಗೆ ಇರ್ಬೇಕು ಅಂದ್ರೆ 3 ಅಡಿ ಎತ್ತರಕ್ಕೆ ನೆಲದ ಮೇಲೆ 5 ಅಡಿಗಿಂತ ಸ್ವಲ್ಪ ಜಾಸ್ತಿ ಜಾಗ ಬೇಕು, ಸುತ್ತ ಇನ್ನೂ 6 ಅಡಿ ಖಾಲಿ ಬಿಡಿ. ಮುಖ್ಯವಾದದ್ದು ಸಂದು. ಕಟಾಂಜನದ ಪಟ್ಟಿ ಮಧ್ಯೆ ಆಗ್ಲಿ ಏಣಿ ಮೆಟ್ಲ ಮಧ್ಯೆ ಆಗ್ಲಿ ಮೂರೂವರೆ ಇಂಚಿಗಿಂತ ಕಮ್ಮಿ ಇರ್ಬೇಕು ಇಲ್ಲಾ 9 ಇಂಚಿಗಿಂತ ಜಾಸ್ತಿ, ಮಧ್ಯದ ಅಳತೇಲಿ ಕಾಲು ಮೊದಲು ತೂರಿದ್ರೆ ಮೈಯೆಲ್ಲಾ ಹೋಗಿ ತಲೆ ಸಿಕ್ಕಾಕೊಳ್ಳುತ್ತೆ, ಮಗು ನೇತಾಡ್ಬಿಡುತ್ತೆ.

ಪುಟ್ಟನಅತ್ತೆ:
ಒಂದು ಕೈ ಮುಗಿದು ಕೇಳ್ಕೋತೀನಿ, ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಯಾರೂ ಜಾರ್ಬೇಡಿ. ನಾನು ತಮ್ಮನ ಮಗನ್ನ ಹಾಗೆ ಕರ್ಕೊಂಡು ಜಾರಿದೆ, ಅವನ ಕಾಲು ಅಂಚಿಗೆ ಸಿಕ್ತು, ನನ್ನ ಭಾರ ಹಿಂದಿಂದ ಬಂತು, ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಡ್ತು. ಒಂದೇ ಇದ್ದಿದ್ರೆ ಕಾಲು ತಾಗಿದ್ರೂ ನಿಂತ್ಬಿಡ್ತಿತ್ತು.

ತೀರ್ಥಳ್ಳಿಅಮ್ಮ:
ತುಂಬಾ ಥ್ಯಾಂಕ್ಸ್. ಹಳೆ ಮನೆ ಬಿಚ್ಚಿದಾಗಿನ ಹೊನ್ನೆ ತೊಲೆ ಎರಡು ಕೊಟ್ಟಿಗೇಲಿವೆ, ಮೊಳೆ ಕೀಳಿಸಿ ಅದನ್ನೇ ಕಂಬ ಮಾಡಿಸ್ತೀನಿ, 3 ಅಡಿಗೇ. ಸಂದಿನ ವಿಷಯ ಓದಿ ಟೇಪ್ ತಗೊಂಡು ನಮ್ಮ ಉಪ್ಪರಿಗೆ ಕಟಾಂಜನ ಅಳೆದೆ, 5 ಇಂಚಿದೆ. ನಾಳೆ ಆಚಾರ್ರು ಬಂದ್ರೆ ಮೊದ್ಲು ಅಲ್ಲಿಗೆ ಪಟ್ಟಿ ಹೊಡೆಸ್ತೀನಿ.