ಬೋಗುಣಿಯ ತಳದ ತೂತಿಗೆ ಏನನ್ನೋಣ?

ಒಂದು ಪದಕ್ಕೆ ವಾರದಿಂದ ಒದ್ದಾಡುತ್ತಿದ್ದೇನೆ, ಬಲ್ಲವರು ಹೇಳಿ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಮರುಭೂಮಿಯ ಅಂಚಿನಲ್ಲಿ, ಮಿಂಬ್ರೆಸ್ ಅಂತ ಒಂದು ಸಣ್ಣ ಹೊಳೆ. ಅದರ ದಂಡೆಯ ಜನ ಸುಮಾರು 1000ದಿಂದ 1130ರವರೆಗೆ, ಕೊಲಂಬಸ್ ಹುಟ್ಟುವ ಎಷ್ಟೋ ಮೊದಲು, ಮಾಡಿದ ಮಣ್ಣಿನ ಪಾತ್ರೆಗಳ ಬಗ್ಗೆ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಅವರ ಹತ್ತಿರ ತಿಗರಿ ಇರಲಿಲ್ಲ. ಮಣ್ಣನ್ನು ಹುರಿಯ ಹಾಗೆ ಹೊಸೆದು, ಸುತ್ತು ಸುತ್ತಾಗಿ ಏರಿಸಿ, ಒಳಗೆ ಬಿಳಿ ಮಣ್ಣು ಬಳಿದು, ಕಪ್ಪಿನಲ್ಲಿ ಮೊಲ, ಮೀನು, ಮಿಡತೆ ಬರೆಯುತ್ತಿದ್ದರು. ಸುಡುವಾಗ ಗಾಳಿ ಜಾಸ್ತಿ ತಾಗಿದರೆ ಆ ಕಪ್ಪೇ ಕೆಂಪಾಗುತ್ತಿತ್ತು. ಆದರೂ ಎಲ್ಲಕ್ಕೂ 'ಬಿಳಿ ಮೇಲೆ ಕಪ್ಪು' ಅಂತಲೇ ಹೆಸರು!

'ಮಡಕೆ' ಅಂದರೆ ನಮಗೆ ಕಿರಿದಾದ ಬಾಯಿ ನೆನಪಾಗುತ್ತದೆ, ಅಲ್ವಾ? ಇವು ಬಾಯಿ ಅಗಲವಾದವು. ಹಾಗಾಗಿ ಬೋಗುಣಿ ಅಂತ ಬರೆದೆ. ಬಿಳಿ ಮಣ್ಣಿನ ತೆಳು ಲೇಪಕ್ಕೆ 'ಶೇಡಿ ಬಳಿದ' ಅಂದೆ. ಮಲೆನಾಡಿನವರು ಒಪ್ಪಬಹುದು, ಉಳಿದವರಿಗೆ ಅರ್ಥವಾದೀತೇ?

ನಿಜವಾದ ತೊಡಕು ತೂತಿನದು. ಸತ್ತವರನ್ನು ಮನೆಯ ನೆಲದಡಿಯೇ ಹೂಳುವಾಗ ಎಷ್ಟೋ ಸಲ ಬೋಗುಣಿಯೊಂದನ್ನು ತಲೆಯ ಮೇಲೆ ಬೋರಲು ಹಾಕುತ್ತಿದ್ದರು. ಅದಕ್ಕೂ ಮೊದಲು ತಳಕ್ಕೆ ಕುಟ್ಟಿ ಒಂದು ತೂತು. ಚಂದದ ಮೊಲ, ಹೊಟ್ಟೆಯ ಜಾಗದಲ್ಲಿ ಖಾಲಿ! ಇದಕ್ಕೆ ಇಂಗ್ಲಿಷಿನಲ್ಲಿ 'ಕಿಲ್ ಹೋಲ್' ಅನ್ನುತ್ತಾರೆ. ಪಾತ್ರೆಯನ್ನೂ 'ಕೊಂದು' ಅದರ ಜೀವ ಬಿಡಿಸುತ್ತಿದ್ದರು ಅನ್ನುವುದು ಸಂಶೋಧಕರ ಊಹೆ.

'ಕೊಲ್ಲುವ ತೂತು' ಅಂತ ಬರೆದು ಅಮ್ಮನಿಗೆ ಓದಿ ಹೇಳಿದೆ. "ಯಾರನ್ನ ಕೊಲ್ಲುತ್ತಪ್ಪಾ ಅದು?" ಅಂದರು. 'ವಧಾರಂಧ್ರ' ಅಂದರೆ ಪೌರಾಣಿಕ ನಾಟಕದ ಆಯುಧದ ಹಾಗಿದೆ. 'ಜೀವ ಬಿಡಿಸಿದ ತೂತು' ಚೆನ್ನಾಗಿದೆ, ಆದರೆ ಅದು ಊಹೆಯನ್ನೇ ನಿಜ ಮಾಡಿಬಿಡುತ್ತದೆ. ಆ ಜನ ಬರಹ ಬಿಟ್ಟು ಹೋಗಿಲ್ಲ. ಅವರು ಏನಂದುಕೊಂಡು ಕುಟ್ಟಿದರೋ!

ನಮ್ಮಲ್ಲೂ ಚಿತೆಯ ಸುತ್ತ ಬರುವಾಗ ಹೆಗಲ ಮೇಲಿನ ನೀರಿನ ಗಡಿಗೆಗೆ ತೂತು ಹಾಕುತ್ತಾರೆ. ಆ ತೂತಿಗೆ ನಿಮ್ಮ ಕಡೆ ಬೇರೆ ಹೆಸರಿದೆಯೇ? ಇದ್ದರೆ ತಿಳಿಸಿ. ಅಲ್ಲಿಯವರೆಗೆ ಸುಮ್ನೆ 'ಸಾವಿನ ತೂತು' ಅಂತ ಇಟ್ಟುಕೊಂಡಿದ್ದೇನೆ.