ಎಂ.ಕಾಂ. ಮತ್ತು ಹತ್ತು ವರ್ಷಕ್ಕೂ ಮಿಕ್ಕ ಅನುಭವ: ಉಡುಪಿಯಲ್ಲಿ ಅರೆಕಾಲಿಕ ಕೆಲಸಕ್ಕಾಗಿ ಓದನ್ನು ಮುಚ್ಚಿಡಬೇಕೇ?

ಪ್ರಶ್ನೆ: ಇಂದ್ರಾಳಿ_ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಎಂ.ಕಾಂ. ಓದಿ, ಬೆಂಗಳೂರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವಳು. ಕೊನೆಯ ಕೆಲವು ವರ್ಷ ಆ ವಿಭಾಗದ ಮೇಲ್ವಿಚಾರಣೆಯೂ ನನ್ನ ಹೆಗಲಿಗಿತ್ತು. ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಬೇಕಾದ ಸ್ಥಿತಿ ಬಂದಾಗ, ಅವರನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ ಕಾರಣ ಕೆಲಸ ಬಿಟ್ಟು ಊರಿಗೆ ಬಂದೆ. ಸೋಮವಾರ, ಬುಧವಾರ ಮತ್ತು ಶುಕ್ರವಾರದ ಬೆಳಗ್ಗೆ ಆಸ್ಪತ್ರೆಗೆ ಮೀಸಲು. ಉಳಿದ ದಿನಗಳಲ್ಲಿ ನಾಲ್ಕೈದು ಗಂಟೆಗಳ ಕೆಲಸವನ್ನು ನಿಶ್ಚಿಂತೆಯಿಂದ ಮಾಡಬಲ್ಲೆ.

ಆದರೆ ಹೋದಲ್ಲೆಲ್ಲ ನನ್ನ ಓದೇ ಅಡ್ಡ ಬರುತ್ತಿದೆ. ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಮತ್ತು ಸ್ಟಾಕ್ ನೋಡಿಕೊಳ್ಳಲು ಜನ ಬೇಕೆಂದು ತಿಳಿದು ಹೋಗಿದ್ದೆ. ಮಾಲೀಕರು ನನ್ನ ಬಯೋಡೇಟಾದ ಎರಡು ಪುಟಗಳನ್ನೂ ನಿಧಾನವಾಗಿ ಓದಿ, ಮಡಚಿ ನನ್ನ ಕೈಗೇ ಕೊಟ್ಟು, "ಇಷ್ಟೆಲ್ಲ ಓದಿದವರನ್ನು ನಾನು ಗಲ್ಲಾಪೆಟ್ಟಿಗೆಯ ಹತ್ತಿರ ಹೇಗೆ ಕೂರಿಸಲಿ, ನೀವು ನಾಲ್ಕು ತಿಂಗಳೂ ನಿಲ್ಲುವುದಿಲ್ಲ" ಎಂದರು. ಮಾತಿನಲ್ಲಿ ಅಗೌರವವಿರಲಿಲ್ಲ, ಆದರೆ ಕೆಲಸವೂ ಸಿಗಲಿಲ್ಲ. ಒಂದು ಕ್ಲಿನಿಕ್ಕಿನ ರಿಸೆಪ್ಷನ್ ಕೆಲಸಕ್ಕೆ ಕೇಳಿದಾಗಲೂ ಹೆಚ್ಚುಕಡಿಮೆ ಇದೇ ಉತ್ತರ ಬಂತು.

ಪಿಯುಸಿ ಅಥವಾ ಬಿ.ಕಾಂ. ಎಂದಷ್ಟೇ ಬರೆದು ಉಳಿದದ್ದನ್ನು ಬಿಟ್ಟುಬಿಡು ಎಂದು ನೆಂಟರು ಸಲಹೆ ಕೊಡುತ್ತಿದ್ದಾರೆ. ಹಾಗೆ ಮಾಡಲು ಮನಸ್ಸು ಒಪ್ಪುತ್ತಿಲ್ಲ. ನನಗೆ ದೊಡ್ಡ ಹುದ್ದೆಯ ಹಂಬಲವಿಲ್ಲ. ಔಷಧಿ ಮತ್ತು ಓಡಾಟದ ಖರ್ಚಿಗೆ ಆಧಾರವಾಗುವಷ್ಟು ನಿಯಮಿತ ವರಮಾನ ಬೇಕಾಗಿದೆ. ಇಲ್ಲಿ ಕೆಲಸ ಕೊಡುವವರೂ ಇಂಥ ಕೆಲಸ ಮಾಡುತ್ತಿರುವವರೂ ಇದ್ದರೆ ದಯವಿಟ್ಟು ದಾರಿ ತೋರಿಸಿ.

ಉತ್ತರ 1: ಬೈಕಂಪಾಡಿ_ವ್ಯಾಪಾರಿ

ಮೇಡಂ, ನಾನು ಪೈಪು ಮತ್ತು ಪ್ಲಂಬಿಂಗ್ ಸಾಮಾನಿನ ಸಗಟು ವ್ಯಾಪಾರ ಮಾಡುವವನು. ಕೆಲಸಕ್ಕೆ ಜನ ತೆಗೆದುಕೊಳ್ಳುವವನ ಮನಸ್ಸಿನಲ್ಲಿ ಏನಿರುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ಬಿಟ್ಟುಹೋಗುತ್ತಾರೆ ಎಂಬ ಭಯ ನಿಜವಾದದ್ದೇ. ಹೊಸಬರಿಗೆ ನಮ್ಮ ಸಾಮಾನಿನ ಹೆಸರು, ಅಳತೆ, ಗಿರಾಕಿಗಳ ಉದ್ರಿ ಲೆಕ್ಕ ಇವೆಲ್ಲ ಕೈಗೆ ಹತ್ತಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಅವರು ಹೊರಟರೆ ಮತ್ತೆ ಮೊದಲಿನಿಂದ ಕಲಿಸಬೇಕು. ಆದರೆ ಇದಕ್ಕಿಂತ ದೊಡ್ಡದಾದ, ಯಾರೂ ಬಾಯಿ ಬಿಟ್ಟು ಹೇಳದ ಕಾರಣವೊಂದಿದೆ. ಅದು ಸಂಕೋಚ. ನನ್ನ ಅಂಗಡಿಯ ಮ್ಯಾನೇಜರ್ ಎಸ್ಸೆಸ್ಸೆಲ್ಸಿ ಓದಿ ಇಪ್ಪತ್ತು ವರ್ಷ ನನ್ನ ಜೊತೆ ದುಡಿದವರು. ಎಂ.ಕಾಂ. ಓದಿದವರಿಗೆ ಅವರು "ಈ ಬಿಲ್ಲು ತಪ್ಪಾಗಿದೆ, ತಿದ್ದಿ" ಎಂದು ಹೇಗೆ ಹೇಳಬೇಕು? ಅಷ್ಟು ಓದಿದವರ ಕೈಗೆ ನಾನು ಇಷ್ಟೇ ಸಂಬಳ ಇಡುವುದು ಹೇಗೆ? ಆ ಬಟ್ಟೆ ಅಂಗಡಿಯವರು ಬಯೋಡೇಟಾವನ್ನು ಮಡಚಿ ಕೊಟ್ಟದ್ದು ನಿಮ್ಮ ಮೇಲಿನ ಅಪನಂಬಿಕೆಯಿಂದಲ್ಲ ಎಂದೇ ನನಗೆ ಅನಿಸುತ್ತದೆ.

ಹಾಗಾಗಿ ಓದನ್ನು ಮುಚ್ಚಿಡಬೇಡಿ, ಆದರೆ ಕಾರಣವನ್ನು ಮೊದಲ ಮಾತಿನಲ್ಲೇ ಹೇಳಿಬಿಡಿ. "ಅಮ್ಮನ ಚಿಕಿತ್ಸೆಗಾಗಿ ಊರಿನಲ್ಲಿದ್ದೇನೆ, ಬೆಂಗಳೂರಿಗೆ ಮರಳುವ ಯೋಚನೆಯಿಲ್ಲ, ವಾರದ ಇಂತಿಂಥ ದಿನ ಇಷ್ಟು ಹೊತ್ತು ಬರುತ್ತೇನೆ" ಎಂದು ಕುಳಿತ ಕೂಡಲೇ ಹೇಳಿದರೆ ಅರ್ಧ ಸಂಶಯ ಅಲ್ಲೇ ಕಳೆಯುತ್ತದೆ. ಮುಚ್ಚಿಟ್ಟರೆ ಮುಂದೆ ಗೊತ್ತಾಗದೇ ಇರುವುದಿಲ್ಲ. ಪಿಎಫ್ ಇರುವ ಸಂಸ್ಥೆಯಾದರೆ ಸೇರುವಾಗಲೇ ಹಿಂದಿನ ಕೆಲಸದ ವಿವರ ಮತ್ತು ಯುಎಎನ್ ಸಂಖ್ಯೆಯನ್ನು (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಬರೆದುಕೊಡಬೇಕು. ಸಣ್ಣ ಅಂಗಡಿಯಾದರೂ ಇದು ಉಡುಪಿ. ಯಾರ ಮನೆಯ ಮಗಳು ಎಲ್ಲಿದ್ದಳು ಎಂಬುದು ವಾರದೊಳಗೆ ತಿಳಿಯುತ್ತದೆ. ಗಲ್ಲಾಪೆಟ್ಟಿಗೆಯ ಹತ್ತಿರ ಕೂರುವವರ ಬಗ್ಗೆ ಮಾಲೀಕನಿಗೆ ಬೇಕಾದದ್ದು ಒಂದೇ, ನಂಬಿಕೆ. ಅದು ಅಲ್ಲಿಗೆ ಹೋಯಿತು.

ಇನ್ನೊಂದು ಮಾತು. ಬಿಲ್ಲಿಂಗ್ ಕೆಲಸ ಕೇಳುವುದನ್ನೇ ನಿಲ್ಲಿಸಿ. ನನ್ನಂಥವರಿಗೆ ನಿಜವಾಗಿ ನೋವಿರುವುದು ಬೇರೆ ಕಡೆ. ಪ್ರತಿ ತಿಂಗಳ 14ರಂದು ಜಿಎಸ್‌ಟಿಆರ್-2ಬಿ (ಸಪ್ಲೈಯರುಗಳು ತೋರಿಸಿದ ಬಿಲ್ಲುಗಳ ಪಟ್ಟಿ) ಬರುತ್ತದೆ, 20ರೊಳಗೆ 3ಬಿ (ತೆರಿಗೆ ಕಟ್ಟುವ ರಿಟರ್ನ್) ಸಲ್ಲಿಸಬೇಕು. ಆ ನಡುವಿನ ದಿನಗಳಲ್ಲಿ ನಮ್ಮ ಖರೀದಿ ಬಿಲ್ಲುಗಳನ್ನು 2ಬಿ ಜೊತೆ ಸಾಲುಸಾಲಾಗಿ ತಾಳೆ ನೋಡಬೇಕು. ಯಾವುದೋ ಸಪ್ಲೈಯರ್ ತನ್ನ ರಿಟರ್ನ್ ಹಾಕಿಲ್ಲ, ಇನ್ಯಾರೋ ನಮ್ಮ ಜಿಎಸ್‌ಟಿ ನಂಬರಿನ ಒಂದು ಅಕ್ಷರ ತಪ್ಪು ಹೊಡೆದಿದ್ದಾರೆ, ಮತ್ತೊಬ್ಬರು ಸರಕು ಕಳಿಸಿದ ತಿಂಗಳು ಬಿಟ್ಟು ಮುಂದಿನ ತಿಂಗಳು ತೋರಿಸಿದ್ದಾರೆ. ಇದರಲ್ಲಿ ಯಾವುದೊಂದು ಕಣ್ತಪ್ಪಿದರೂ ನಾವು ಕೊಟ್ಟ ತೆರಿಗೆಯ ಕ್ರೆಡಿಟ್ ಆ ತಿಂಗಳು ಸಿಗುವುದಿಲ್ಲ, ಆ ಹಣವನ್ನು ಕೈಯಿಂದ ಹಾಕಬೇಕು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಂಟ್ರಿ ಹಾಕುವ ಹುಡುಗರು ನಮ್ಮಲ್ಲಿದ್ದಾರೆ. ಸಪ್ಲೈಯರಿಗೆ ಫೋನ್ ಮಾಡಿ, ತಪ್ಪು ಎಲ್ಲಿದೆ ಎಂದು ವಿವರಿಸಿ, ಸರಿಪಡಿಸುವ ತನಕ ಬೆನ್ನು ಬಿಡದ ಅನುಭವಸ್ಥರು ಇಲ್ಲ. ತಿಂಗಳಿನಲ್ಲಿ ಐದಾರು ದಿನ ಇದೊಂದನ್ನೇ ಮಾಡಿಕೊಡುತ್ತೇನೆ ಎಂದು ನಿಮ್ಮಂಥವರು ಬಂದರೆ, ಅಲ್ಲಿ ನಿಮ್ಮ ಓದು ಹೆಚ್ಚಾಯಿತು ಎಂದು ಯಾವ ವ್ಯಾಪಾರಿಯೂ ಹೇಳುವುದಿಲ್ಲ.

ಉತ್ತರ 2: ಕುಂದಾಪುರ_ನಿವೃತ್ತ

ಮೇಲಿನವರ ಮಾತಿಗೆ ನನ್ನ ಬಹುಪಾಲು ಒಪ್ಪಿಗೆಯಿದೆ. ಬಯೋಡೇಟಾದ ವಿಷಯದಲ್ಲಿ ಮಾತ್ರ ಸ್ವಲ್ಪ ಭಿನ್ನವಾಗಿ ಯೋಚಿಸುತ್ತೇನೆ.

ಸುಳ್ಳು ಬರೆಯುವುದು ಬೇರೆ, ಕೇಳಿದ ಕೆಲಸಕ್ಕೆ ಬೇಕಾದಷ್ಟನ್ನು ಬರೆಯುವುದು ಬೇರೆ. ಅರ್ಜಿ ನಮೂನೆಯಲ್ಲಿ ವಿದ್ಯಾರ್ಹತೆಯ ಕಾಲಂ ಇದ್ದರೆ ಪೂರ್ತಿ ತುಂಬಿಸಲೇಬೇಕು, ಬಾಯಿಯಲ್ಲಿ ಕೇಳಿದರೂ ನಿಜವನ್ನೇ ಹೇಳಬೇಕು. ಆದರೆ ನಾವೇ ಬರೆದುಕೊಂಡು ಹೋಗುವ ಹಾಳೆಯಲ್ಲಿ "ವಿಭಾಗದ ಮೇಲ್ವಿಚಾರಣೆ", "ಇಷ್ಟು ಜನರ ತಂಡ" ಎಂಬುದನ್ನೆಲ್ಲ ಮೇಲ್ಗಡೆ ದಪ್ಪಕ್ಷರದಲ್ಲಿ ಹಾಕಬೇಕೆಂಬ ನಿಯಮವಿಲ್ಲ. ಒಂದೇ ಪುಟ ಸಾಕು: ಮೊದಲ ಸಾಲಿನಲ್ಲಿ ನೀವು ಮಾಡಿಕೊಡುವ ಕೆಲಸ, ಎರಡನೆಯ ಸಾಲಿನಲ್ಲಿ ನೀವು ಲಭ್ಯವಿರುವ ದಿನ ಮತ್ತು ಹೊತ್ತು, ಓದು ಮತ್ತು ಹಿಂದಿನ ಹುದ್ದೆ ಕೊನೆಯಲ್ಲಿ.

ಇಲ್ಲಿನ ಪೇಟೆಯ ಇನ್ನೊಂದು ಸಂಗತಿಯನ್ನೂ ಗಮನದಲ್ಲಿಡಿ. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಹೀಗೆ ಬ್ಯಾಂಕುಗಳು ಹುಟ್ಟಿದ ನಾಡು ಇದು. ಬ್ಯಾಂಕಿನಿಂದ ನಿವೃತ್ತರಾಗಿ, ಪಿಂಚಣಿಯ ಆಧಾರದ ಮೇಲೆ ದೇವಸ್ಥಾನದ್ದೋ ಸಹಕಾರಿ ಸಂಘದ್ದೋ ಲೆಕ್ಕವನ್ನು ಅಲ್ಪ ಗೌರವಧನಕ್ಕೆ ಬರೆದುಕೊಡುವ ನನ್ನಂಥವರು ಊರೂರಿನಲ್ಲೂ ಸಿಗುತ್ತಾರೆ. ಆ ಜಾಗಕ್ಕೆ ನೀವು ಪೈಪೋಟಿಗೆ ಇಳಿದರೆ ಸಿಗುವ ಹಣ ಔಷಧಿಗೂ ಸಾಲದು. ಆದರೆ ಜಿಎಸ್‌ಟಿ ಪೋರ್ಟಲ್, ಇ-ಇನ್‌ವಾಯ್ಸ್, 2ಬಿ ತಾಳೆ ಇವೆಲ್ಲ ನಾವು ಬ್ಯಾಂಕಿನಲ್ಲಿದ್ದಾಗ ಕೈಯಾಡಿಸಿದ ಕೆಲಸಗಳಲ್ಲ. ನಿಮ್ಮ ಬಲ ಅಲ್ಲಿದೆ.

ಪಾಠ ಹೇಳುವ ಆಸಕ್ತಿಯಿದ್ದರೆ ಖಾಸಗಿ ಕಾಲೇಜುಗಳಲ್ಲಿ ಗಂಟೆ ಲೆಕ್ಕದ ಅತಿಥಿ ಉಪನ್ಯಾಸಕರ ಕೆಲಸವನ್ನೂ ವಿಚಾರಿಸಬಹುದು. ಪದವಿ ಕಾಲೇಜುಗಳಲ್ಲಿ ಎನ್‌ಇಟಿ ಅಥವಾ ಕೆ-ಸೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆಗಳು) ಆದವರಿಗೇ ಮೊದಲ ಮಣೆ, ಅದೂ ಅಲ್ಲದೆ ರಜೆಯ ತಿಂಗಳುಗಳಲ್ಲಿ ವರಮಾನ ನಿಲ್ಲುತ್ತದೆ. ನಿಯಮಿತ ಹಣ ಬೇಕೆನ್ನುವವರಿಗೆ ನಾನು ಅದನ್ನು ಮುಖ್ಯ ದಾರಿಯಾಗಿ ಸೂಚಿಸುವುದಿಲ್ಲ.

ಉತ್ತರ 3: ಮಣಿಪಾಲ_ಲೆಕ್ಕ

ಅಕ್ಕ, ನನ್ನ ಪರಿಸ್ಥಿತಿ ನಿಮ್ಮದಕ್ಕೆ ಬಹಳ ಹತ್ತಿರವಾದದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನನ್ನ ಮಾವನವರಿಗೆ ಡಯಾಲಿಸಿಸ್ ನಡೆಯುತ್ತಿದೆ; ನಾನು ಮನೆಯಿಂದಲೇ ಕೆಲವು ಅಂಗಡಿಗಳ ಮತ್ತು ಅಪಾರ್ಟ್‌ಮೆಂಟುಗಳ ಲೆಕ್ಕ ನೋಡಿಕೊಳ್ಳುತ್ತೇನೆ.

ಮೊದಲನೆಯದಾಗಿ, "ದಿನಕ್ಕೆ ನಾಲ್ಕು ಗಂಟೆ" ಎಂದು ಕೆಲಸ ಹುಡುಕಬೇಡಿ. ನಮ್ಮ ಊರಿನ ಅಂಗಡಿ, ಆಫೀಸುಗಳಲ್ಲಿ ಅರ್ಧ ದಿನದ ಹುದ್ದೆ ಎಂಬುದೇ ಅಪರೂಪ. ಬೆಳಗ್ಗೆ ಒಂಬತ್ತೂವರೆಗೆ ಬಂದವರು ಸಂಜೆ ಕದ ಹಾಕುವ ತನಕ ಇರಬೇಕು. ಆದರೆ ಲೆಕ್ಕದ ಕೆಲಸ ತಾರೀಕುಗಳ ಮೇಲೆ ನಡೆಯುತ್ತದೆ. 7ರೊಳಗೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದಿಟ್ಟ ತೆರಿಗೆ) ಕಟ್ಟಬೇಕು, 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ರೊಳಗೆ 3ಬಿ. ಐದು ಕೋಟಿಯೊಳಗಿನ ವಹಿವಾಟಿನವರು ತ್ರೈಮಾಸಿಕ ಪದ್ಧತಿಯನ್ನು ಆರಿಸಿಕೊಂಡಿದ್ದರೆ ರಿಟರ್ನ್ ಮೂರು ತಿಂಗಳಿಗೊಮ್ಮೆ, ನಡುವಿನ ತಿಂಗಳುಗಳಲ್ಲಿ 25ರೊಳಗೆ ತೆರಿಗೆ ಕಟ್ಟಿದರೆ ಆಯಿತು. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಬೇಕೆಂದಿರುವುದು ಏನೆಂದರೆ, ಮಾಸಿಕದ ಇಬ್ಬರು ಮತ್ತು ತ್ರೈಮಾಸಿಕದ ಮೂವರು ಗಿರಾಕಿಗಳನ್ನು ಜೋಡಿಸಿಕೊಂಡರೆ, ಕೆಲಸದ ಒತ್ತಡ ತಿಂಗಳ ಯಾವ ದಿನಗಳಲ್ಲಿ ಬೀಳುತ್ತದೆ ಎಂಬುದನ್ನು ವರ್ಷವಿಡೀ ಮೊದಲೇ ತಿಳಿದುಕೊಳ್ಳಬಹುದು. ಮನೆಯಲ್ಲಿ ಕಾಯಿಲೆಯವರಿರುವ ನಮಗೆ ಅದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಎರಡನೆಯ ಮಾತನ್ನು ಒತ್ತಿ ಹೇಳುತ್ತೇನೆ. ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆ ಹೊರಗೆ ಸುಮ್ಮನೆ ಕುಳಿತಿರುತ್ತೇವಲ್ಲ, ಲ್ಯಾಪ್‌ಟಾಪ್ ಒಯ್ದರೆ ಕೆಲಸ ಮುಗಿಯುತ್ತದೆ ಎಂದು ಲೆಕ್ಕ ಹಾಕಬೇಡಿ. ನಡುವೆ ಬಿಪಿ ಇಳಿಯಿತೆಂದು ನರ್ಸ್ ಕರೆಯುತ್ತಾರೆ, ಕಾಲಿನ ಸೆಳೆತ ಬಂದರೆ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ, ಮುಗಿದ ಮೇಲೆ ಆ ಸಂಜೆಯೆಲ್ಲ ಅವರಿಗೆ ಸುಸ್ತು. ಆ ದಿನವನ್ನು ಪೂರ್ತಿಯಾಗಿ ಅಮ್ಮನಿಗೇ ಬಿಡಿ. ಗಿರಾಕಿಗಳಿಗೆ ಮಂಗಳವಾರ, ಗುರುವಾರ ಮತ್ತು ಶನಿವಾರ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡಿ. ಗಡುವಿನ ತಾರೀಕು ಆಸ್ಪತ್ರೆಯ ದಿನಕ್ಕೆ ಬಿದ್ದರೆ ಅದರ ಹಿಂದಿನ ದಿನವೇ ಮುಗಿಸಿಕೊಡುವುದಾಗಿಯೂ, ಅದಕ್ಕಾಗಿ ಬಿಲ್ಲುಗಳು ತಿಂಗಳ 5ರೊಳಗೆ ನಿಮ್ಮ ಕೈ ಸೇರಬೇಕೆಂದೂ ತಿಳಿಸಿ. ಬಿಲ್ಲು ಕೊಡುವುದರಲ್ಲಿ ಅಂಗಡಿಯವರು ತಡ ಮಾಡುವುದೇ ಈ ಕೆಲಸದ ದೊಡ್ಡ ತಲೆನೋವು. ಪ್ಲಾಸ್ಟಿಕ್ ಚೀಲದಲ್ಲಿ ಮುದ್ದೆಯಾಗಿ ತುಂಬಿಸಿ, ಅಕ್ಷರ ಅಳಿಸಿಹೋದ ಪೆಟ್ರೋಲ್ ಬಂಕಿನ ಚೀಟಿಗಳ ಸಮೇತ 10ರ ಸಂಜೆ ತಂದುಕೊಡುವವರಿದ್ದಾರೆ. ಬಂದ ದಿನವೇ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಅಭ್ಯಾಸ ಮಾಡಿಸಿದ ಮೇಲೆ ನನಗೆ ಉಸಿರಾಡಲು ಸಾಧ್ಯವಾಯಿತು.

ಇನ್ನು ಕೆಲಸ ಎಲ್ಲಿ ಸಿಗುತ್ತದೆ ಎಂಬ ಬಗ್ಗೆ. ಅಪಾರ್ಟ್‌ಮೆಂಟ್ ಸಂಘಗಳನ್ನು ವಿಚಾರಿಸಿ; ಮಣಿಪಾಲ, ಉಡುಪಿ ಮತ್ತು ಮಂಗಳೂರಿನಲ್ಲಿ ಇವುಗಳಿಗೆ ಕೊರತೆಯಿಲ್ಲ. ನಿರ್ವಹಣಾ ಶುಲ್ಕದ ವಸೂಲಿ, ವಾಚ್‌ಮನ್ ಸಂಬಳ, ಲಿಫ್ಟಿನ ವಾರ್ಷಿಕ ಒಪ್ಪಂದ, ಜನರೇಟರಿನ ಡೀಸೆಲ್, ಬೇಸಿಗೆಯ ನೀರಿನ ಟ್ಯಾಂಕರ್, ಇಷ್ಟರ ಲೆಕ್ಕ. ಸದಸ್ಯರೊಬ್ಬರ ಶುಲ್ಕ ತಿಂಗಳಿಗೆ 7,500 ರೂಪಾಯಿಯೊಳಗಿದ್ದರೆ ಅದಕ್ಕೆ ಜಿಎಸ್‌ಟಿಯ ಗೋಜೂ ಇಲ್ಲ. ವರ್ಷಕ್ಕೊಮ್ಮೆ ಮಹಾಸಭೆಗೆ ಲೆಕ್ಕ ಒಪ್ಪಿಸಬೇಕಾದಾಗ ಪದಾಧಿಕಾರಿಗಳು ಪರದಾಡುವುದನ್ನು ಕಂಡಿದ್ದೇನೆ. ಅಲ್ಲಿ ಎಂ.ಕಾಂ. ಎಂದರೆ ನೆಮ್ಮದಿಯಿಂದ ಒಪ್ಪಿಕೊಳ್ಳುತ್ತಾರೆ. ಸಿಎ ಆಫೀಸುಗಳಿಗೂ ಹೋಗಿ ಬನ್ನಿ, ಆದರೆ ಹೋಗುವ ಕಾಲ ನೋಡಿಕೊಳ್ಳಿ: ರಿಟರ್ನ್ ಮತ್ತು ಆಡಿಟ್‌ನ ಭರಾಟೆ ಶುರುವಾಗುವ ಮುನ್ನ, ಮೇ ತಿಂಗಳ ಸುಮಾರಿಗೆ ಕೇಳಿದರೆ ಅವರಿಗೆ ನಿಮ್ಮನ್ನು ಕೂರಿಸಿ ಮಾತನಾಡಲು ಪುರುಸೊತ್ತು ಇರುತ್ತದೆ, ಕೈಯಾಳಿನ ಅಗತ್ಯವೂ ಕಣ್ಣೆದುರಿಗಿರುತ್ತದೆ.

ನಿಮ್ಮ ಪದವಿಯೇ ಅರ್ಹತೆಯಾಗಿರುವ ಒಂದು ದಾರಿಯೂ ಇದೆ. ವಾಣಿಜ್ಯ ಪದವೀಧರರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ಪೋರ್ಟಲಿನಲ್ಲಿಯೇ ನೋಂದಣಿಗೆ ಅರ್ಜಿ ಹಾಕಬಹುದು. ಅದಕ್ಕೆ ಸಂಬಂಧಿಸಿದ ಪರೀಕ್ಷೆಯ ವಿವರವನ್ನೂ ಅಲ್ಲಿಯೇ ನೋಡಿಕೊಳ್ಳಿ. ನೋಂದಣಿಯಾದ ಮೇಲೆ ಗಿರಾಕಿಗಳ ಒಪ್ಪಿಗೆ ಪಡೆದು ಅವರ ರಿಟರ್ನ್‌ಗಳನ್ನು ನಿಮ್ಮದೇ ಲಾಗಿನ್‌ನಿಂದ ಸಲ್ಲಿಸಬಹುದು, ಅವರ ಪಾಸ್‌ವರ್ಡ್ ಇಟ್ಟುಕೊಳ್ಳುವ ಮುಜುಗರ ಇರುವುದಿಲ್ಲ.

ಇಂದ್ರಾಳಿ_ನಿವಾಸಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಡಯಾಲಿಸಿಸ್ ದಿನದ ಬಗ್ಗೆ ಬರೆದದ್ದು ಅಕ್ಷರಶಃ ನಿಜ. ಸಂಜೆಯ ಹೊತ್ತಿಗೆ ಅಮ್ಮ ಮಾತನಾಡುವ ಸ್ಥಿತಿಯಲ್ಲೂ ಇರುವುದಿಲ್ಲ. ಒಂದು ಸಂದೇಹ ಉಳಿದಿದೆ. ಸಂಬಳದಲ್ಲಿ ಬದುಕಿದ ನನಗೆ ಗಿರಾಕಿಗಳ ಬಳಿ ಎಷ್ಟು ಕೇಳಬೇಕೆಂಬುದೇ ತಿಳಿಯುತ್ತಿಲ್ಲ. ಗಂಟೆಗೆ ಇಷ್ಟು ಎಂದು ಹೇಳುವುದು ಇಲ್ಲಿ ನಡೆಯುತ್ತದೆಯೇ?

ಮಣಿಪಾಲ_ಲೆಕ್ಕ

ಗಂಟೆ ಲೆಕ್ಕ ಹೇಳಬೇಡಿ ಅಕ್ಕ. ಕೈ ಚುರುಕಾದಷ್ಟೂ ನಿಮ್ಮ ವರಮಾನ ಇಳಿಯುತ್ತದೆ, ಅಂಗಡಿಯವರಿಗೂ ಎಷ್ಟಾಗುತ್ತದೋ ಎಂಬ ಅಳುಕು. ಒಬ್ಬ ಗಿರಾಕಿಗೆ ತಿಂಗಳಿಗೆ ಇಷ್ಟು ಎಂದು ನಿಗದಿ ಮಾಡಿ. ಅದೇ ಅಂಗಡಿ ಪೂರ್ಣಾವಧಿಗೆ ಒಬ್ಬ ಲೆಕ್ಕಿಗನನ್ನು ಇಟ್ಟುಕೊಂಡರೆ ಕೊಡಬೇಕಾಗುವ ಸಂಬಳದ ಮೂರನೇ ಒಂದು ಭಾಗದಿಂದ ನಾನು ಮಾತು ಶುರು ಮಾಡುತ್ತೇನೆ. ಬಿಲ್ಲುಗಳ ಸಂಖ್ಯೆ ನೋಡಿ ಏರಿಳಿತ ಮಾಡುತ್ತೇನೆ. ಹಳೆಯ ಬಾಕಿ ರಿಟರ್ನ್‌ಗಳು ಮತ್ತು ಇಲಾಖೆಯ ನೋಟಿಸಿಗೆ ಉತ್ತರ ಬರೆಯುವುದು ಈ ಮೊತ್ತದಲ್ಲಿ ಸೇರಿಲ್ಲ ಎಂಬುದನ್ನು ಮೊದಲೇ ಬರಹದಲ್ಲಿ ತಿಳಿಸಿ.

ಬೈಕಂಪಾಡಿ_ವ್ಯಾಪಾರಿ

ಮಾಸಿಕ ನಿಗದಿಯೇ ನಮಗೂ ಅನುಕೂಲ. ಮೊದಲ ಮೂರು ತಿಂಗಳು ನೋಡೋಣ, ಆಮೇಲೆ ಮೊತ್ತದ ಬಗ್ಗೆ ಮತ್ತೆ ಮಾತನಾಡೋಣ ಎಂಬ ಒಪ್ಪಂದಕ್ಕೆ ಹೆಚ್ಚಿನ ವ್ಯಾಪಾರಿಗಳು ತಲೆಯಾಡಿಸುತ್ತಾರೆ.

ಮನೆಯಲ್ಲೇ ಕುಳಿತು ಡೇಟಾ ಎಂಟ್ರಿ ಎಂದು ಫೋನಿಗೆ ಬರುವ ಸಂದೇಶಗಳ ಬಗ್ಗೆ ಎಚ್ಚರವಿರಲಿ. ಕೆಲಸ ಕೊಡುವವನು ನೋಂದಣಿ ಶುಲ್ಕವೆಂದೋ ಠೇವಣಿಯೆಂದೋ ಮೊದಲು ನಿಮ್ಮಿಂದಲೇ ಹಣ ಕೇಳಿದರೆ ಅದು ಮೋಸ. ನಿಮ್ಮ ಪರಿಚಯದವರು ಯಾರಾದರೂ ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ.

ನಮ್ಮ ಸರಕು ಖರೀದಿಸುವ ಅಂಗಡಿಗಳು ಉಡುಪಿ, ಬ್ರಹ್ಮಾವರದ ಕಡೆಯೂ ಇವೆ. 2ಬಿ ತಾಳೆ ನೋಡಲು ಜನ ಬೇಕೆಂದು ಅವರಲ್ಲಿ ಕೆಲವರು ನನ್ನ ಬಳಿ ಹೇಳಿಕೊಂಡದ್ದುಂಟು. ಇಲ್ಲಿ ಫೋನ್ ನಂಬರ್ ಹಾಕಬೇಡಿ. ಒಂದು ಪುಟದ ಬಯೋಡೇಟಾ ಸಿದ್ಧವಾದ ಮೇಲೆ ನನಗೆ ಖಾಸಗಿ ಸಂದೇಶ ಕಳಿಸಿ, ಅವರಿಗೆ ತಲುಪಿಸುತ್ತೇನೆ.