ಭಾವನ ಟ್ರಂಕಿನ ಬೇಸ್‌ಬಾಲ್ ಕಾರ್ಡುಗಳು: ಈ ಆಟಕ್ಕೂ ಈ ಸಂಗ್ರಹಕ್ಕೂ ಮುಂದೆ ಎಷ್ಟು ಬಾಳಿಕೆ?

ಪ್ರಶ್ನೆ: ತೀರ್ಥಹಳ್ಳಿಯ ತೋಟಿಗ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ನನ್ನ ಭಾವ, ಎಂದರೆ ಅಕ್ಕನ ಯಜಮಾನರು, 1986ರಿಂದ 1993ರವರೆಗೆ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಎಂಜಿನಿಯರ್ ಆಗಿದ್ದು, ಆಮೇಲೆ ಊರಿಗೆ ಮರಳಿ ತೋಟ ನೋಡಿಕೊಂಡಿದ್ದರು. ಹೋದ ವರ್ಷ ಅವರು ತೀರಿಕೊಂಡರು. ಈ ಸಲದ ಕೊನೆಕೊಯ್ಲು ಮುಗಿದ ಮೇಲೆ ಅಕ್ಕನ ಮನೆಯ ಮೆತ್ತಿನ ಸಾಮಾನುಗಳನ್ನು ತೆಗೆದು ಜೋಡಿಸುವಾಗ ಅವರ ಹಳೆಯ ತಗಡಿನ ಟ್ರಂಕೊಂದು ಸಿಕ್ಕಿತು. ಅದರ ತುಂಬ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳು, ಅಂದಾಜು ನಾಲ್ಕು ಸಾವಿರ ಇರಬಹುದು. ಬಹಳಷ್ಟನ್ನು ವರ್ಷವಾರು ವಿಂಗಡಿಸಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಾರೆ. ಒಂದು ಕಟ್ಟಿನ ಕಾರ್ಡುಗಳಿಗೆಲ್ಲ ಮರದ ಹಲಗೆಯಂಥ ಕಂದು ಅಂಚು ಇದೆ.

ಭಾವ ಈ ಆಟದ ವಿಚಾರವನ್ನು ನಮ್ಮೊಡನೆ ಮಾತಾಡಿದ್ದು ಕಡಿಮೆ, ಆದರೆ ನನ್ನ ಮಗಳೊಡನೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವಳು ಈಗ ಒಂಬತ್ತನೇ ತರಗತಿಯಲ್ಲಿದ್ದಾಳೆ, ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಟ್ರಂಕು ಕೆಳಗಿಳಿದ ದಿನದಿಂದ ಅವಳು ದಿನಕ್ಕೊಂದು ಕಟ್ಟು ಬಿಚ್ಚಿ, ಕಾರ್ಡುಗಳ ಹಿಂಬದಿಯಲ್ಲಿ ಅಚ್ಚಾಗಿರುವ ಅಂಕಿಗಳನ್ನು ಓದಿ, ಯಾರು ಎಷ್ಟು ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂತೆ ಮೈದಾನದಾಚೆಗೆ ಹೋಗುವ ಹೊಡೆತ) ಹೊಡೆದರು ಎಂದು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಳೆ.

ಈ ನಡುವೆ ಬೆಂಗಳೂರಿನ ವ್ಯಾಪಾರಿಯೊಬ್ಬರು ಇಡೀ ಟ್ರಂಕನ್ನು ಒಟ್ಟು ಲೆಕ್ಕದಲ್ಲಿ ಕೊಳ್ಳುವುದಾಗಿ ಹೇಳಿದ್ದಾರೆ. ಬೇಸ್‌ಬಾಲ್ ನೋಡುವವರು ಅಮೆರಿಕದಲ್ಲೇ ಕಡಿಮೆಯಾಗುತ್ತಿದ್ದಾರೆ, ಇನ್ನು ಇಪ್ಪತ್ತು ವರ್ಷ ಇಟ್ಟರೆ ಕೇಳುವವರೇ ಇರುವುದಿಲ್ಲ ಎನ್ನುವುದು ಅವರ ಮಾತು. ಇದು ನಿಜವೇ? ಆಟವೇ ಸೊರಗಿದರೆ ಕಾರ್ಡು ಕೂಡಿಸುವ ಹವ್ಯಾಸ ಉಳಿಯುತ್ತದೆಯೇ? ಅಕ್ಕನಿಗೆ ಹಣದ ತುರ್ತು ಇಲ್ಲ, ಆದರೆ ಬೆಲೆಬಾಳುವ ವಸ್ತುವನ್ನು ನಮ್ಮ ಅಜ್ಞಾನದಿಂದ ಹಾಳುಮಾಡಿದೆವು ಎಂದೂ ಆಗಬಾರದು. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಕೊಪ್ಪದ ಹಳೆಯ ಸಂಗ್ರಾಹಕ

ಮಾನ್ಯರೇ, ಮೊದಲಿಗೆ ನಿಮ್ಮ ಭಾವನವರ ಅಗಲಿಕೆಗೆ ನನ್ನ ಸಂತಾಪ. ನಾನು ಹನ್ನೆರಡು ವರ್ಷ ಆ ದೇಶದಲ್ಲಿದ್ದು ಇವೇ ಕಾರ್ಡುಗಳನ್ನು ಕೂಡಿಸಿದವನು, ಆದ್ದರಿಂದ ಮನಸ್ಸಿಗೆ ಕಷ್ಟವಾಗುವ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಅವರು ಅಲ್ಲಿದ್ದ ಏಳು ವರ್ಷಗಳು ಕಾರ್ಡುಗಳ ಚರಿತ್ರೆಯಲ್ಲಿ ಅಳತೆ ಮೀರಿ ಅಚ್ಚಾದ ವರ್ಷಗಳು. ನೀವು ಹೇಳಿದ ಮರದ ಬಣ್ಣದ ಅಂಚಿನ ಕಟ್ಟು 1987ರ ಟಾಪ್ಸ್ ಕಂಪನಿಯದು. ನೋಡಲು ಅಷ್ಟು ಚೆಂದದ ಕಾರ್ಡು ಆಮೇಲೆ ಬಂದದ್ದು ಕಡಿಮೆ ಎನ್ನುವವರಲ್ಲಿ ನಾನೂ ಒಬ್ಬ, ಆದರೆ ಅದು ಇಂದಿಗೂ ಬೇಕಾದಷ್ಟು ಸಿಗುತ್ತದೆ.

ಇದನ್ನು ನಮ್ಮ ಸೀಮೆಯವರಿಗೆ ವಿವರಿಸುವುದು ಸುಲಭ, ಏಕೆಂದರೆ ನಾವು ವೆನಿಲ್ಲಾ ಕಂಡವರು. 2003ರ ಆಸುಪಾಸಿನಲ್ಲಿ ವೆನಿಲ್ಲಾ ಬೀನ್ಸಿಗೆ ಚಿನ್ನದ ಬೆಲೆ ಬಂದಾಗ ಮಲೆನಾಡಿನ ತೋಟಗಳಲ್ಲೆಲ್ಲ ಬಳ್ಳಿ ಹಬ್ಬಿತು, ರಾತ್ರಿ ಕಾವಲು ಕಾದೆವು, ಮಡಗಾಸ್ಕರಿನ ಫಸಲು ಚೇತರಿಸಿಕೊಂಡು ಎಲ್ಲರ ಬೆಳೆಯೂ ಒಟ್ಟಿಗೆ ಪೇಟೆಗೆ ಬಂದ ಕೂಡಲೇ ಬೆಲೆ ನೆಲಕ್ಕೆ ಬಿತ್ತು. ಅಮೆರಿಕದಲ್ಲಿ 1980ರ ದಶಕದಲ್ಲಿ ಕಾರ್ಡುಗಳಿಗೆ ಆದದ್ದು ಇದೇ. ಹಳೆಯ ಕಾರ್ಡುಗಳು ಸಾವಿರಾರು ಡಾಲರಿಗೆ ಮಾರಾಟವಾದ ಸುದ್ದಿ ಹಬ್ಬಿದಾಗ ತಂದೆತಾಯಂದಿರು ಮಕ್ಕಳ ಓದಿನ ಖರ್ಚಿಗಾದೀತೆಂದು ಪೆಟ್ಟಿಗೆಗಟ್ಟಲೆ ಕೊಂಡಿಟ್ಟರು, ಟಾಪ್ಸ್ ಜೊತೆಗೆ ಫ್ಲೀರ್, ಡಾನ್‌ರಸ್, ಸ್ಕೋರ್, ಅಪ್ಪರ್ ಡೆಕ್ ಕಂಪನಿಗಳೂ ಅಚ್ಚು ಹಾಕುತ್ತಲೇ ಹೋದವು. ಎಲ್ಲರೂ ಜೋಪಾನ ಮಾಡಿದ್ದರಿಂದ ಯಾವುದೂ ಅಪರೂಪವಾಗಲಿಲ್ಲ. ಪೊಟ್ಟಣಕ್ಕೆ ಮೇಣದ ಕಾಗದ ಸುತ್ತುತ್ತಿದ್ದುದರಿಂದ ಸಂಗ್ರಾಹಕರು ಆ ಕಾಲವನ್ನು ಇಂದು 'ಜಂಕ್ ವ್ಯಾಕ್ಸ್' ಕಾಲವೆಂದು ಕರೆಯುತ್ತಾರೆ.

ನಿಜವಾಗಿ ಬೆಲೆ ಬಂದ ಕಾರ್ಡುಗಳು ಯಾರೂ ಜೋಪಾನ ಮಾಡದೆ ಹೋದವು. 1952ರಲ್ಲಿ ಟಾಪ್ಸ್ ಮುದ್ರಿಸಿದ, ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡು ಆ ವರ್ಷದ ಆಟದ ಋತು ಮುಗಿಯುವ ಹೊತ್ತಿಗೆ ಅಂಗಡಿಗೆ ಬಂದು ಮಾರಾಟವಾಗದೆ ಉಳಿಯಿತು, ಕಂಪನಿಯವರೇ 1960ರ ಸುಮಾರಿಗೆ ಉಳಿದ ರಾಶಿಯನ್ನು ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಹಾಗೆ ಉಳಿದ ಕೆಲವೇ ಪ್ರತಿಗಳಲ್ಲಿ ಒಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. 1909ರಿಂದ 1911ರವರೆಗೆ ಸಿಗರೇಟ್ ಪೊಟ್ಟಣಗಳಲ್ಲಿ ಬಂದ ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡಿನದೂ ಹೀಗೆಯೇ: ಆ ಆಟಗಾರ ಒಪ್ಪಿಗೆ ಕೊಡದಿದ್ದರಿಂದ ಮುದ್ರಣ ನಿಂತಿತು, ಅದೇ 2022ರಲ್ಲಿ ಒಂದು ಪ್ರತಿ 72 ಲಕ್ಷ 50 ಸಾವಿರ ಡಾಲರಿಗೆ ಕೈ ಬದಲಾಯಿಸಿತು. ಆದ್ದರಿಂದ ಆಟ ಜನಪ್ರಿಯವೋ ಅಲ್ಲವೋ ಎಂಬುದಕ್ಕಿಂತ ಎಷ್ಟು ಪ್ರತಿ ಉಳಿದಿವೆ ಎಂಬುದೇ ಕಾರ್ಡಿನ ಬೆಲೆಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ ಎಂದು ನನ್ನ ಅಭಿಪ್ರಾಯ.

ಆದರೂ ಮಾರುವ ಮುನ್ನ ಒಂದನ್ನು ಹುಡುಕಿ. 1989ರ ಅಪ್ಪರ್ ಡೆಕ್ ಕಾರ್ಡುಗಳ ಹಿಂಬದಿಯಲ್ಲಿ ಹೊಳೆಯುವ ಚಿಕ್ಕ ಹಾಲೋಗ್ರಾಮ್ ಇರುತ್ತದೆ. ಅದರಲ್ಲಿ ಒಂದನೇ ಸಂಖ್ಯೆಯ ಕಾರ್ಡು ಕೆನ್ ಗ್ರಿಫಿ ಜೂನಿಯರ್ ಎಂಬ ಆಟಗಾರನದು. ಅದೂ ಲಕ್ಷಾಂತರ ಅಚ್ಚಾಗಿದ್ದರೂ ಸಂಗ್ರಾಹಕರಿಗೆ ಇಂದಿಗೂ ಅದರ ಮೇಲೆ ಆಸೆ. ನಾಲ್ಕು ಮೂಲೆಗಳೂ ಚೂಪಾಗಿದ್ದು, ಚಿತ್ರ ನಟ್ಟನಡುವೆ ಕೂತಿದ್ದು, ಮೇಲ್ಮೈಯಲ್ಲಿ ಗೀರಿಲ್ಲದಿದ್ದರೆ ಮಾತ್ರ ಒಳ್ಳೆಯ ಬೆಲೆ. ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಡುವ ಪಿಎಸ್‌ಎಯಂಥ ಸಂಸ್ಥೆಗಳಿವೆ, ಆದರೆ ಸಾಧಾರಣ ಕಾರ್ಡಿಗೆ ಅವರ ಶುಲ್ಕವೇ ಕಾರ್ಡಿನ ಬೆಲೆಗಿಂತ ಹೆಚ್ಚಾಗುತ್ತದೆ.

ಉತ್ತರ: ಸಾಗರದ ಪಿ.ಇ. ಮೇಷ್ಟ್ರು

ಕೊಪ್ಪದ ಹಿರಿಯರು ಕಾರ್ಡಿನ ವಿಚಾರ ಚೆನ್ನಾಗಿ ಹೇಳಿದ್ದಾರೆ, ಆದರೆ ಕಾರ್ಡಿನ ಬೆಲೆಗೆ ಆಟದ ಜನಪ್ರಿಯತೆ ಅಷ್ಟು ಮುಖ್ಯವಲ್ಲ ಎಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. 1994ರ ಆಗಸ್ಟ್ 12ರಂದು ಅಮೆರಿಕದ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿ, ಆ ವರ್ಷದ ವರ್ಲ್ಡ್ ಸೀರೀಸ್, ಎಂದರೆ ಋತುವಿನ ಕೊನೆಯ ಚಾಂಪಿಯನ್‌ಷಿಪ್ ಸರಣಿ, ರದ್ದಾದಾಗ ಮುನಿಸಿಕೊಂಡ ಜನ ಮರುವರ್ಷ ಮೈದಾನಕ್ಕೆ ಮೊದಲಿನಷ್ಟು ಬರಲಿಲ್ಲ, ಕಾರ್ಡಿನ ಅಂಗಡಿಗಳೂ ಸಾಲುಸಾಲಾಗಿ ಮುಚ್ಚಿದವು. ಅತಿಯಾದ ಮುದ್ರಣದಿಂದ ಮೊದಲೇ ಕುಸಿಯುತ್ತಿದ್ದ ಪೇಟೆಗೆ ಆ ಮುನಿಸು ದೊಡ್ಡ ಪೆಟ್ಟು ಕೊಟ್ಟಿತು. ಆಟಗಾರರಿಗೂ ಮಾಲೀಕರಿಗೂ ಈಗಿರುವ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ ಮಾತ್ರ. ಆದ್ದರಿಂದ ಬೇಸ್‌ಬಾಲಿನ ಭವಿಷ್ಯವನ್ನು ಕೇಳುವವರು ಮೊದಲು ಆ ಮಾತುಕತೆಯ ಕಡೆ ಕಣ್ಣಿಡಬೇಕು.

ಇನ್ನು ಆ ವ್ಯಾಪಾರಿಯ ಮಾತಿಗೆ ಬರೋಣ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ ನಿಮಗೆ ನೋಡಲು ಬಹಳ ಇಷ್ಟವಾದ ಆಟ ಯಾವುದು ಎಂದು ಬಹುಕಾಲದಿಂದ ಕೇಳುತ್ತಾ ಬಂದಿದೆ. 1948ರಲ್ಲಿ ನೂರರಲ್ಲಿ 39 ಮಂದಿ ಬೇಸ್‌ಬಾಲ್ ಎಂದಿದ್ದರು, 2017ರಲ್ಲಿ ಹಾಗೆಂದವರು 9 ಮಂದಿ. ಇಷ್ಟನ್ನೇ ನೋಡಿದರೆ ಅವರು ಹೇಳಿದ್ದು ಸರಿ. ಆದರೆ ಆಟ ಅಲ್ಲಿಗೇ ನಿಲ್ಲಲಿಲ್ಲ. ಪಂದ್ಯ ಎಳೆದಾಡುತ್ತದೆ ಎಂಬ ದೂರಿಗೆ ಉತ್ತರವಾಗಿ 2023ರಿಂದ ಚೆಂಡು ಎಸೆಯುವವನಿಗೆ ಗಡಿಯಾರ ಕಟ್ಟಿದರು. ಬೇಸುಗಳು, ಎಂದರೆ ಓಟಗಾರ ನಿಲ್ಲುವ ಠಾಣೆಗಳು, ಖಾಲಿ ಇದ್ದರೆ 15 ಸೆಕೆಂಡು, ಓಟಗಾರ ನಿಂತಿದ್ದರೆ 20 ಸೆಕೆಂಡು, ಮರುವರ್ಷ ಅದನ್ನು 18ಕ್ಕೆ ಇಳಿಸಿದರು. ಹಿಂದಿನ ವರ್ಷ ಸರಾಸರಿ 3 ಗಂಟೆ 4 ನಿಮಿಷ ನಡೆಯುತ್ತಿದ್ದ ಪಂದ್ಯ 2 ಗಂಟೆ 40 ನಿಮಿಷಕ್ಕೆ ಬಂತು, ಮೈದಾನಕ್ಕೆ ಬಂದವರ ಸಂಖ್ಯೆ ಆ ವರ್ಷ 7 ಕೋಟಿ ದಾಟಿತು. ಓವರುಗಳ ನಡುವೆ 60 ಸೆಕೆಂಡಿನ ಗಡಿಯಾರವನ್ನು ಕ್ರಿಕೆಟ್ಟೂ ಅದೇ ವರ್ಷದ ಕೊನೆಯಲ್ಲಿ ತಂದಿತು. ನಿಧಾನವೇ ಸೊಗಸಾಗಿದ್ದ ಎರಡು ಹಳೆಯ ಆಟಗಳು ಒಂದೇ ಸಂಕಟಕ್ಕೆ ಒಂದೇ ಮದ್ದು ಹುಡುಕಿಕೊಂಡದ್ದು ನನಗೆ ಬಹಳ ದಿನ ಯೋಚನೆಗೆ ಹಚ್ಚಿತು. ಗುಂಡಪ್ಪ ವಿಶ್ವನಾಥ್ ಹುಟ್ಟಿದ ಭದ್ರಾವತಿಯ ಪಕ್ಕದಲ್ಲೇ ಬೆಳೆದ ನಮಗೆ ಆ ನಿಧಾನದ ಸೊಗಸನ್ನು ಬಿಟ್ಟುಕೊಡುವ ಕಷ್ಟ ಗೊತ್ತಿದೆ.

ಆಟದ ಭವಿಷ್ಯವನ್ನು ಅಮೆರಿಕದ ಲೆಕ್ಕದಲ್ಲೇ ಅಳೆಯುವುದೂ ತಪ್ಪಾದೀತು. ದಕ್ಷಿಣ ಕೊರಿಯಾದ ಲೀಗಿಗೆ 2024ರಲ್ಲಿ ಬಂದ ಪ್ರೇಕ್ಷಕರು 1 ಕೋಟಿ ಮೀರಿದರು. ಜಪಾನಿನಲ್ಲಿ ಹೈಸ್ಕೂಲು ಹುಡುಗರ ರಾಷ್ಟ್ರೀಯ ಪಂದ್ಯಾವಳಿ 1915ರಲ್ಲಿ ಆರಂಭವಾದದ್ದು ಇಂದಿಗೂ ಬೇಸಿಗೆಯ ಹಬ್ಬದಂತೆ ನಡೆಯುತ್ತದೆ. ಅದು ನಡೆಯುವ ಕೋಶಿಯೆನ್ ಮೈದಾನದಲ್ಲಿ ಸೋತ ತಂಡದ ಹುಡುಗರು ಅಳುತ್ತಾ ಅಲ್ಲಿಯ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಒಯ್ಯುತ್ತಾರೆ. ಆ ನೆಲದಿಂದ ಬಂದ ಶೋಹೆ ಒಹ್ತಾನಿ 2024ರಲ್ಲಿ ಒಂದೇ ಋತುವಿನಲ್ಲಿ 50 ಹೋಮ್ ರನ್ ಹೊಡೆದು 50 ಬೇಸು ಕದ್ದ (ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿ ಸೇರಿದ) ಮೊದಲ ಆಟಗಾರನಾದ. ಎಸೆತವನ್ನೂ ಹೊಡೆತವನ್ನೂ ಅಷ್ಟೇ ಮೇಲ್ಮಟ್ಟದಲ್ಲಿ ಮಾಡುವ ಅಂಥವನೊಬ್ಬ ಇರುವಾಗ ಆಟಕ್ಕೆ ವಯಸ್ಸಾಯಿತೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕ್ರಿಕೆಟ್ಟಿನ ಜೊತೆ ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಎರಡೂ ಮರಳುತ್ತಿವೆ.

ನಮ್ಮ ದೇಶದ ಮಾತು ಬೇರೆ. 2008ರಲ್ಲಿ ವೇಗವಾಗಿ ಚೆಂಡೆಸೆಯುವವರನ್ನು ಹುಡುಕಲು ನಡೆದ ಟಿ.ವಿ. ಸ್ಪರ್ಧೆಯಿಂದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಹುಡುಗರು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಡನೆ ಒಪ್ಪಂದ ಮಾಡಿಕೊಂಡರು, ಆದರೆ ಮೇಲಿನ ಹಂತದವರೆಗೆ ಏರಲಿಲ್ಲ. ಆ ಸ್ಪರ್ಧೆ ಇಬ್ಬರ ತೋಳನ್ನು ಹುಡುಕಿತೇ ಹೊರತು ಇಲ್ಲಿ ಒಂದು ಮೈದಾನವನ್ನೂ ಬಿಟ್ಟುಹೋಗಲಿಲ್ಲ. ಶಾಲೆಗಳಲ್ಲಿ ನಮಗೆ ಸಿಗುವ ಗ್ಲೌಸು ತಂಡಕ್ಕೆ ಸಾಲುವುದಿಲ್ಲ, ತಾಲ್ಲೂಕು ಮಟ್ಟದ ಪಂದ್ಯಗಳು ಆಗಸ್ಟ್ ತಿಂಗಳ ಮಳೆಯಲ್ಲಿ ಕೆಸರುಗದ್ದೆಯಂಥ ಮೈದಾನದಲ್ಲಿ ನಡೆಯುತ್ತವೆ. ಹಾಗಿದ್ದೂ ಹೆಣ್ಣುಮಕ್ಕಳು ಸಾಫ್ಟ್‌ಬಾಲನ್ನು ಪ್ರೀತಿಯಿಂದ ಆಡುತ್ತಾರೆ. ನಿಮ್ಮ ಮಗಳು ಅಂಕಿಗಳನ್ನು ಬರೆದುಕೊಳ್ಳುತ್ತಿರುವುದು ಕೇಳಿ ಬಹಳ ಸಂತೋಷವಾಯಿತು. ಎಡಗೈಯಲ್ಲಿ ಆಡುವವರ ಮತ್ತು ಬಲಗೈಯವರ ಸರಾಸರಿಯನ್ನು ಬೇರೆಬೇರೆ ಬರೆದು ನೋಡಲು ಹೇಳಿ.

ಉತ್ತರ: ಶಿವಮೊಗ್ಗದ ಅಂಚೆಚೀಟಿ ಸಂಗ್ರಾಹಕಿ

ಅಣ್ಣಾ, ನಾನು ಕಾರ್ಡು ಕೂಡಿಸಿದವಳಲ್ಲ, ನಲವತ್ತು ವರ್ಷ ಅಂಚೆಚೀಟಿ ಕೂಡಿಸಿದವಳು. ಹವ್ಯಾಸವೊಂದು ಹೇಗೆ ಮುದುಕಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಮನೆಗೆ ಕಾಗದ ಬರುವುದು ನಿಂತ ಮೇಲೆ ಮಕ್ಕಳ ಕೈಗೆ ಚೀಟಿ ತಾನಾಗಿ ಸಿಗುವುದೂ ನಿಂತಿತು, ಈಗ ಪ್ರದರ್ಶನಗಳಿಗೆ ಹೋದರೆ ನಾವು ಹಳಬರೇ ಒಬ್ಬರ ಮುಖ ಒಬ್ಬರು ನೋಡಬೇಕು. ಚಿಕ್ಕಂದಿನಲ್ಲಿ ನನ್ನ ಅಣ್ಣಂದಿರು ಬೆಂಕಿಪೊಟ್ಟಣದ ಚಿತ್ರಗಳನ್ನು ರಸ್ತೆಬದಿಯಿಂದ ಹೆಕ್ಕಿ ತಂದು ಪಣಕ್ಕಿಟ್ಟು ಆಡುತ್ತಿದ್ದರು. ಹೆಕ್ಕಲು ಸಿಗುತ್ತಿದ್ದುದರಿಂದಲೇ ಆ ಆಟ ಇತ್ತು.

ಆದ್ದರಿಂದ ಕಾರ್ಡಿನ ವಿಚಾರದಲ್ಲಿ ನಾನು ಕೇಳುವುದು ಒಂದೇ: ಒಬ್ಬ ಹುಡುಗ ತನ್ನ ಕೈಖರ್ಚಿನ ದುಡ್ಡಿನಲ್ಲಿ ಒಂದು ಪೊಟ್ಟಣ ಕೊಳ್ಳಬಲ್ಲನೇ? ಜಪಾನಿನ ಕ್ಯಾಲ್ಬಿ ಕಂಪನಿ 1973ರಿಂದ ಕುರುಕಲು ತಿಂಡಿಯ ಪೊಟ್ಟಣದ ಜೊತೆ ಬೇಸ್‌ಬಾಲ್ ಕಾರ್ಡು ಕೊಡುತ್ತಾ ಬಂದಿದೆ, ಅಲ್ಲಿ ಹವ್ಯಾಸಕ್ಕೆ ಹೊಸ ಕೈಗಳು ಸೇರುತ್ತಲೇ ಇರುತ್ತವೆ. ಅಮೆರಿಕದಲ್ಲಿ ಈಗ ಜಗತ್ತಿಗೇ ಒಂದೇ ಪ್ರತಿ ಇರುವ ಕಾರ್ಡುಗಳನ್ನು ಪೊಟ್ಟಣಗಳಲ್ಲಿ ಅಡಗಿಸಿಡುತ್ತಾರೆ. ಪಾಲ್ ಸ್ಕೀನ್ಸ್ ಎಂಬ ಆಟಗಾರ ಮೊದಲ ಪಂದ್ಯದಲ್ಲಿ ತೊಟ್ಟ ಅಂಗಿಯ ತುಂಡು ಅಂಟಿಸಿದ ಅಂಥದೊಂದು ಕಾರ್ಡು ಹನ್ನೊಂದು ವರ್ಷದ ಹುಡುಗನಿಗೆ 2024ರ ಕ್ರಿಸ್‌ಮಸ್ ಉಡುಗೊರೆಯಲ್ಲಿ ಸಿಕ್ಕಿತು, 2025ರ ಹರಾಜಿನಲ್ಲಿ ಅದಕ್ಕೆ 11 ಲಕ್ಷ ಡಾಲರಿಗೂ ಹೆಚ್ಚು ಬಂತು. ಆ ಹುಡುಗನ ಬಗ್ಗೆ ಸಂತೋಷವೇ. ಆದರೆ ಪೊಟ್ಟಣ ಲಾಟರಿ ಟಿಕೆಟ್ಟಾದ ಕಡೆ ಮಕ್ಕಳಿಗೆ ಆಟಗಾರನ ಮುಖ ನೆನಪಿರುವುದಿಲ್ಲ ಎಂದು ನನಗೆ ಭಯ. ದೊಡ್ಡವರ ಹೂಡಿಕೆಯಾಗಿ ಈ ಸಂಗ್ರಹ ಇನ್ನೂ ಬಹುಕಾಲ ಬಾಳಬಹುದು, ಮಕ್ಕಳ ಹವ್ಯಾಸವಾಗಿ ಬಾಳುವ ವಿಚಾರದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ.

ಇನ್ನೊಂದು ತುರ್ತಿನ ಮಾತು. ರಬ್ಬರ್ ಬ್ಯಾಂಡುಗಳನ್ನು ಇಂದೇ ತೆಗೆಯಿರಿ, ಅವು ಅಂಚನ್ನು ಕಚ್ಚುತ್ತವೆ ಮತ್ತು ಹಳತಾದಾಗ ಕರಗಿ ಕಾಗದಕ್ಕೆ ಅಂಟಿಕೊಳ್ಳುತ್ತವೆ. ಪಿ.ವಿ.ಸಿ. ಹಾಳೆಯ ಆಲ್ಬಮ್ ಬೇಡ, ಪಾಲಿಪ್ರೊಪಿಲೀನ್ ಹಾಳೆಯದನ್ನು ಕೇಳಿ ತನ್ನಿ. ನಮ್ಮ ಮಳೆಗಾಲದಲ್ಲಿ ಬೂಷ್ಟು ಬಿಡದ ವಸ್ತು ಯಾವುದಿದೆ? ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಆಷಾಢದಿಂದ ದೀಪಾವಳಿಯವರೆಗೆ ಅವನ್ನು ಆಗಾಗ ಬದಲಾಯಿಸುತ್ತಿರಿ. ಬಿಸಿಲಿಗೆ ಮಾತ್ರ ಹರಡಬೇಡಿ, ಬಣ್ಣ ಹಾರುತ್ತದೆ.

ಮರುಉತ್ತರ: ತೀರ್ಥಹಳ್ಳಿಯ ತೋಟಿಗ

ಮೂವರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮಗಳೂ ನಾನೂ ಕೂತು ರಬ್ಬರ್ ಬ್ಯಾಂಡುಗಳನ್ನೆಲ್ಲ ಬಿಡಿಸಿದೆವು, ಕೆಲವು ಆಗಲೇ ಅಂಟಿಕೊಂಡಿದ್ದವು. ಗ್ರಿಫಿ ಕಾರ್ಡು ಸಿಕ್ಕಿತು, ಆದರೆ ಎರಡು ಮೂಲೆಗಳು ಮಡಿಸಿವೆ. ಟ್ರಂಕಿನ ತಳದಲ್ಲಿ ಒಂದು ಬಿಸ್ಕತ್ ಡಬ್ಬಿ ಇತ್ತು. ಅದರಲ್ಲಿ ಬೇರೆ ಯಾರೂ ಇಲ್ಲ, 1990ರ ಸಿನ್ಸಿನಾಟಿ ರೆಡ್ಸ್ ತಂಡದವರೇ. ಆ ವರ್ಷ ಅವರ ಊರಿನ ತಂಡ ಓಕ್‌ಲ್ಯಾಂಡ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತ್ತಂತೆ, ಮಗಳಿಗೆ ಮಾವ ಆ ಕಥೆಯನ್ನು ಎಷ್ಟೋ ಸಲ ಹೇಳಿದ್ದರಂತೆ. ನನಗೆ ಈಗ ತಿಳಿಯಿತು.

ವ್ಯಾಪಾರಿಗೆ ಬೇಡವೆಂದು ಹೇಳಿ ಕಳಿಸಿದ್ದೇವೆ. ಅಕ್ಕ ಆ ಬಿಸ್ಕತ್ ಡಬ್ಬಿಯನ್ನು ತಮ್ಮ ಬಳಿ ಇಟ್ಟುಕೊಂಡು ಉಳಿದದ್ದನ್ನು ಮಗಳಿಗೆ ಕೊಟ್ಟಿದ್ದಾರೆ. ಜೋಡಿ ಜೋಡಿ ಇರುವ ಕಾರ್ಡುಗಳನ್ನು ಅವಳು ತನ್ನ ಸಾಫ್ಟ್‌ಬಾಲ್ ತಂಡದ ಗೆಳತಿಯರಿಗೆ ತಲಾ ಹತ್ತರಂತೆ ಹಂಚಬೇಕೆಂದಿದ್ದಾಳೆ. ಪಾಲಿಪ್ರೊಪಿಲೀನ್ ಹಾಳೆಗಳು ಶಿವಮೊಗ್ಗದಲ್ಲೇ ಸಿಗುತ್ತವೆಯೋ ಅಥವಾ ಬೆಂಗಳೂರಿನಿಂದ ತರಿಸಬೇಕೋ ಎಂದು ಅಂಚೆಚೀಟಿ ಸಂಗ್ರಾಹಕಿಯವರು ತಿಳಿಸಿದರೆ ಜೂನ್ ಹಿಡಿಯುವ ಮೊದಲೇ ತಂದುಬಿಡುತ್ತೇನೆ.